ನೆರವಿನ ಡಾಲರ್ ಬಂದಾಗ ಕರೆನ್ಸಿಗೆ ಏನಾಗುತ್ತದೆ?

ಒಂದು ಬಡ ದೇಶಕ್ಕೆ 10 ಕೋಟಿ ಡಾಲರ್ ನೆರವು ಬಂತು ಅಂದುಕೊಳ್ಳಿ. ಸರ್ಕಾರ ಶಿಕ್ಷಕರಿಗೆ ಡಾಲರಿನಲ್ಲಿ ಸಂಬಳ ಕೊಡುವುದಿಲ್ಲ, ಅಲ್ವಾ? ಡಾಲರನ್ನು ಕೇಂದ್ರ ಬ್ಯಾಂಕಿಗೆ ಕೊಟ್ಟು ಸ್ಥಳೀಯ ಹಣ ಪಡೆಯುತ್ತದೆ. ಆ ಹಣ ಸಂಬಳಕ್ಕೆ, ರಸ್ತೆಗೆ, ಆಸ್ಪತ್ರೆ ಕಟ್ಟಡಕ್ಕೆ ಹೋಗುತ್ತದೆ.

ಗಾರೆ ಕೆಲಸದವರನ್ನು, ನರ್ಸ್‌ಗಳನ್ನು, ಬಾಡಿಗೆ ಮನೆಗಳನ್ನು ಹಡಗಿನಲ್ಲಿ ತರಿಸಲು ಆಗುವುದಿಲ್ಲ. ಹಾಗಾಗಿ ಕೂಲಿ, ಬಾಡಿಗೆ ಏರುತ್ತವೆ. ಕಾಫಿಯನ್ನೋ ಬಟ್ಟೆಯನ್ನೋ ರಫ್ತು ಮಾಡುವವರೂ ಈಗ ಜಾಸ್ತಿ ಕೂಲಿ ಕೊಡಬೇಕು, ಆದರೆ ಅವರ ಮಾಲಿನ ಬೆಲೆ ತೀರ್ಮಾನವಾಗುವುದು ವಿಶ್ವ ಮಾರುಕಟ್ಟೆಯಲ್ಲಿ. ಡಾಲರಿನ ದರ ಸ್ವಲ್ಪವೂ ಅಲುಗದಿದ್ದರೂ ಅವರಿಗೆ ನಷ್ಟ. ನೈಜ ವಿನಿಮಯ ದರ (ದೇಶದೊಳಗಿನ ಬೆಲೆಗಳನ್ನೂ ಲೆಕ್ಕಕ್ಕೆ ಹಿಡಿದ ದರ) ಏರುವುದು ಅಂದರೆ ಇದೇ. ನೆದರ್ಲೆಂಡ್ಸ್‌ನಲ್ಲಿ ನೈಸರ್ಗಿಕ ಅನಿಲ ಸಿಕ್ಕ ಮೇಲೆ ಕಾರ್ಖಾನೆಗಳು ಸೊರಗಿದ್ದರಿಂದ ಇದಕ್ಕೆ 'ಡಚ್ ಡಿಸೀಸ್' ಎಂಬ ಹೆಸರು ಬಂತು.

ಅದೇ ದುಡ್ಡಿನಲ್ಲಿ ಔಷಧಿ, ಯಂತ್ರ ಆಮದು ಮಾಡಿದರೆ ಡಾಲರ್ ಬಂದ ಹಾಗೇ ಹೊರಗೆ ಹೋಗುತ್ತದೆ, ದರಕ್ಕೆ ಬಿಸಿ ತಟ್ಟುವುದಿಲ್ಲ. ಅದಕ್ಕೇ ನಾನು ಎಷ್ಟು ಬಂತು ಅಂತ ಕೇಳುವ ಮೊದಲು ಯಾವುದಕ್ಕೆ ಖರ್ಚಾಯಿತು ಅಂತ ಕೇಳುತ್ತೇನೆ.

ಇನ್ನು ಕೇಂದ್ರ ಬ್ಯಾಂಕ್. ಬಂದ ಡಾಲರನ್ನು ಮಾರಿದರೆ ಕರೆನ್ಸಿ ಗಟ್ಟಿಯಾಗುತ್ತದೆ. ಮಾರದೆ ಮೀಸಲಿಗೆ ಹಾಕಿದರೆ, ಸರ್ಕಾರ ಖರ್ಚು ಮಾಡಿದ ಹಣ ಮಾರುಕಟ್ಟೆಯಲ್ಲೇ ಉಳಿದು ಬೆಲೆ ಏರಿಸುತ್ತದೆ, ಅದನ್ನು ಹಿಂದಕ್ಕೆ ಎಳೆಯಲು ಬಾಂಡ್ ಮಾರಿದರೆ ಬಡ್ಡಿ ಏರಿ ಸಣ್ಣ ಉದ್ದಿಮೆಗೆ ಸಾಲವೇ ಸಿಗದಂತಾಗುತ್ತದೆ. ಇಥಿಯೋಪಿಯಾ, ಘಾನಾ, ಮೊಜಾಂಬಿಕ್, ತಾಂಜಾನಿಯಾ, ಉಗಾಂಡಾಗಳನ್ನು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) 2005ರಲ್ಲಿ ಅಧ್ಯಯನ ಮಾಡಿದಾಗ ಡಚ್ ಡಿಸೀಸ್‌ನ ಗುರುತು ಅಷ್ಟಾಗಿ ಕಾಣಲಿಲ್ಲ. ಕರೆನ್ಸಿ ಏರೀತು ಅನ್ನುವ ಭಯಕ್ಕೆ ಡಾಲರನ್ನು ಕೂಡಿಟ್ಟಿದ್ದೇ ಅದಕ್ಕೆ ಒಂದು ಕಾರಣ. ಈ ಭಯ ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಜನರಿಗೆ ಅಂತ ಬಂದ ನೆರವು ಸುಮ್ನೆ ಮೀಸಲಿನಲ್ಲಿ ಕೂತರೆ ಏನು ಪ್ರಯೋಜನ?

ನನಗೆ ಇದಕ್ಕಿಂತ ದೊಡ್ಡ ಚಿಂತೆ ನೆರವು ಥಟ್ಟನೆ ನಿಲ್ಲುವುದು. 2011ರಲ್ಲಿ ದಾನಿ ದೇಶಗಳು ಮಲಾವಿಗೆ ನೆರವು ತಡೆಹಿಡಿದವು. ಡಾಲರ್ ಇಲ್ಲದೆ ಇಂಧನಕ್ಕೂ ಪರದಾಟವಾಯಿತು, 2012ರ ಮೇ ತಿಂಗಳಲ್ಲಿ ಅಲ್ಲಿನ ಕರೆನ್ಸಿ ಕ್ವಾಚಾದ ಬೆಲೆಯನ್ನು ಸುಮಾರು ಮೂರನೇ ಒಂದು ಭಾಗ ಇಳಿಸಬೇಕಾಯಿತು. 2021ರಲ್ಲಿ ಅಫ್ಘಾನಿಸ್ತಾನಕ್ಕೂ ಹೀಗೇ ಆಗಿ ಅಲ್ಲಿನ ಕರೆನ್ಸಿ ಅಫ್ಘಾನಿ ಕುಸಿಯಿತು, ಆಮೇಲೆ ವಿಶ್ವಸಂಸ್ಥೆ ವಿಮಾನದಲ್ಲಿ ಡಾಲರ್ ನೋಟುಗಳನ್ನೇ ತಂದಿದ್ದು ಅದನ್ನು ಹಿಡಿದು ನಿಲ್ಲಿಸಲು ನೆರವಾಯಿತು. ದಾನಿಗಳು ಮೂರು ನಾಲ್ಕು ವರ್ಷದ ಕಂತುಗಳನ್ನು ಮೊದಲೇ ಹೇಳಿ, ಹೇಳಿದಂತೆ ಕೊಟ್ಟರೆ ಕೇಂದ್ರ ಬ್ಯಾಂಕಿಗೆ ಡಾಲರ್ ಬಚ್ಚಿಡುವ ಅಗತ್ಯವೇ ಅರ್ಧ ಕಡಿಮೆಯಾಗುತ್ತದೆ. ಆ ದುಡ್ಡಿನಲ್ಲಿ ಒಂದು ಪಾಲು ಬಂದರು, ವಿದ್ಯುತ್ತಿಗೆ ಹೋದರೆ ರಫ್ತುದಾರರ ಖರ್ಚೂ ಇಳಿಯುತ್ತದೆ.