ಹೂಮಳೆ, ಬ್ಯಾಕಿಂಗ್ ಮಳೆ ಮತ್ತು 0.19 ಬಿಟ್

ಕೊಡಗಿನ ರೋಬಸ್ಟಾ ಕಾಫಿ ತೋಟಕ್ಕೆ ಫೆಬ್ರವರಿ–ಮಾರ್ಚಿನಲ್ಲಿ ಹೂ ಅರಳಿಸುವ ಹೂಮಳೆ ಬೇಕು; ಅದಾದ ಸುಮಾರು ಮೂರು ವಾರಕ್ಕೆ ಕಾಯಿ ಕಟ್ಟಿಸುವ ಬ್ಯಾಕಿಂಗ್ ಮಳೆ. ಒಂದು ಬಂದು ಇನ್ನೊಂದು ಕೈಕೊಟ್ಟರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. (ಸ್ಪ್ರಿಂಕ್ಲರ್ ಇದ್ದವರ ಮಾತು ಬೇರೆ.) ಹಾಗಾದರೆ ಫಸಲಿನ ಬಗ್ಗೆ ಯಾವ ಮಳೆ ಎಷ್ಟು ಹೇಳುತ್ತದೆ?

ಲೆಕ್ಕ ಸರಳವಾಗಲಿ: ಪ್ರತಿ ಮಳೆ ಬರುವ ಸಂಭವ ಅರ್ಧ, ಒಂದಕ್ಕೊಂದು ಸಂಬಂಧವಿಲ್ಲ, ಎರಡೂ ಬಂದರೆ ಮಾತ್ರ ಒಳ್ಳೆ ಫಸಲು. ಮಾಹಿತಿ ಸಿದ್ಧಾಂತದ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರದಂತೆ ಫಸಲಿನ ಅನಿಶ್ಚಿತತೆ 0.81 ಬಿಟ್ (ನಾಣ್ಯ ಚಿಮ್ಮಿದಾಗಿನ ಅನಿಶ್ಚಿತತೆ 1 ಬಿಟ್). ಹೂಮಳೆ ಬರಲಿಲ್ಲವೆಂದು ತಿಳಿದರೆ ಅನಿಶ್ಚಿತತೆ ಸೊನ್ನೆ. ಬಂತೆಂದು ತಿಳಿದರೆ ಪೂರ್ತಿ 1 ಬಿಟ್. ಸರಾಸರಿ ಉಳಿಯುವುದು 0.5, ಅಂದರೆ ಹೂಮಳೆ ಕೊಟ್ಟದ್ದು 0.31. ಬ್ಯಾಕಿಂಗ್ ಮಳೆಯದೂ ಅಷ್ಟೇ. ಕೂಡಿದರೆ 0.62. ಎರಡೂ ಒಟ್ಟಿಗೆ ಗೊತ್ತಿದ್ದರೆ ಮಾತ್ರ 0.81 ಪೂರ್ತಿ ಸಿಗುತ್ತದೆ. ಹೆಚ್ಚುವರಿ 0.19 ಬಿಟ್ ಜೋಡಿಯದು.

ಈ ವ್ಯತ್ಯಾಸವನ್ನೇ ಮನೋವಿಜ್ಞಾನಿ ವಿಲಿಯಂ ಮೆಕ್‌ಗಿಲ್ 1954ರಲ್ಲಿ ಅಳತೆಯಾಗಿ ಮುಂದಿಟ್ಟರು. ಒಂದೇ ಸುದ್ದಿ ಹೇಳುವ ಎರಡು ಮಳೆಮಾಪಕಗಳಿದ್ದು, ಆ ಸುದ್ದಿ 1 ಬಿಟ್‌ನದಾದರೆ ಉತ್ತರ −1. ಮೆಟ್ಟಿಲ ದೀಪಕ್ಕೆ ಮೇಲೊಂದು ಕೆಳಗೊಂದು ಸ್ವಿಚ್ ಇದ್ದರೆ +1: ಒಂದನ್ನೇ ನೋಡಿದರೆ ದೀಪದ ಬಗ್ಗೆ ಏನೂ ತಿಳಿಯದು, ಎರಡನ್ನೂ ನೋಡಿದರೆ ಎಲ್ಲವೂ ತಿಳಿಯುತ್ತದೆ. ತೊಂದರೆ ಇರುವುದು ನಡುವೆ. ಪುನರುಕ್ತಿಯೂ (ಎರಡೂ ಅದನ್ನೇ ಹೇಳುವುದು) ಕೂಟದ ಮಾಹಿತಿಯೂ (ಕೂಡಿದಾಗ ಮಾತ್ರ ಸಿಗುವುದು) ಒಟ್ಟಿಗಿದ್ದರೆ ಒಂದನ್ನೊಂದು ಹೊಡೆದುಹಾಕಿ, ಸೊನ್ನೆ ಬಂದರೂ ಬರಬಹುದು.

ಅದಕ್ಕೇ ಸಂಶೋಧಕರಾದ ಪಾಲ್ ವಿಲಿಯಮ್ಸ್ ಮತ್ತು ರಾಂಡಾಲ್ ಬೀರ್ 2010ರಲ್ಲಿ ಮಾಹಿತಿಯನ್ನು ಬಿಡಿಸಿಟ್ಟರು: ಎರಡೂ ಹೇಳುವುದು, ಒಂದೊಂದೇ ಹೇಳುವುದು, ಕೂಡಿದಾಗ ಮಾತ್ರ ಹೊರಬೀಳುವುದು. ಅವರ ಸೂತ್ರದಲ್ಲಿ ನಮ್ಮ ಮಳೆಗಳಲ್ಲಿ ಎರಡೂ ಹೇಳುವ ಪಾಲು 0.31, ಸ್ವಂತ ಪಾಲು ಸೊನ್ನೆ, ಕೂಟದ್ದು 0.5. ಮೇಲಿನ 0.19 ಎಂದರೆ 0.5ರಿಂದ 0.31 ಕಳೆದದ್ದು. ಸಂಬಂಧವೇ ಇಲ್ಲದ ಮಳೆಗಳಿಗೆ ಎರಡೂ ಹೇಳುವ ಪಾಲು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ; ಆಕ್ಷೇಪ ನ್ಯಾಯವಾದದ್ದೇ, ಪರ್ಯಾಯ ಸೂತ್ರಗಳೂ ಹಲವಿವೆ. ಮೂಲಗಳು ಮೂರಾದರೆ ಪಾಲುಗಳು 18, ನಾಲ್ಕಾದರೆ 166.

ತೋಟದ ದಾಖಲೆಯಿಂದ ಇದನ್ನು ಲೆಕ್ಕಹಾಕುವವರಿಗೆ ದೊಡ್ಡ ಅಪಾಯ ಬೇರೆ ಇದೆ. 30 ವರ್ಷದ ದಾಖಲೆಯಲ್ಲಿ ಮಳೆಗೂ ಫಸಲಿಗೂ ಯಾವ ಸಂಬಂಧವಿಲ್ಲದಿದ್ದರೂ, ಬಂತು–ಬರಲಿಲ್ಲ ಎಂಬ ಎರಡೇ ವರ್ಗಗಳಿದ್ದರೂ, ಒಂಟಿ ಮಳೆಗೆ ಸರಾಸರಿ ಸುಮಾರು 0.024 ಬಿಟ್, ಜೋಡಿಗೆ 0.072 ಬಿಟ್ ಸುಮ್ಮನೆ ತೋರುತ್ತದೆ. ಜೋಡಿಯದರಿಂದ ಎರಡೂ ಒಂಟಿ ಮಳೆಗಳದನ್ನು ಕಳೆದರೆ ಜೋಡಿಯ ಲೆಕ್ಕದಲ್ಲಿ 0.024ರಷ್ಟು ಸುಳ್ಳು ಹೆಚ್ಚುವರಿ. ಮಳೆಯನ್ನು ಐದೈದು ವರ್ಗ ಮಾಡಿದರಂತೂ 25 ಕೋಣೆಗಳಿಗೆ 30 ವರ್ಷ ಹಂಚಬೇಕು. ಬಹುತೇಕ ಕೋಣೆಗಳಲ್ಲಿ ಒಂದೆರಡೇ ವರ್ಷ ಇರುವುದರಿಂದ ಮಳೆ ಫಸಲನ್ನು ಕರಾರುವಾಕ್ಕಾಗಿ ಹೇಳಿದಂತೆಯೇ ಕಾಣುತ್ತದೆ. ವರ್ಗ ಎರಡು ಅಥವಾ ಮೂರಕ್ಕೆ ಇಳಿಸಿ. ಫಸಲಿನ ಕಾಲಂ ಮಾತ್ರ ಅಡ್ಡಾದಿಡ್ಡಿ ಕಲಸಿ, ಅದೇ ಲೆಕ್ಕವನ್ನು ಸಾವಿರ ಸಲ ಓಡಿಸಿ. ನಿಜವಾದ ಅಂಕಿ ಆ ಸಾವಿರ ಅಂಕಿಗಳಲ್ಲಿ ಕನಿಷ್ಠ 950ನ್ನು ಮೀರದಿದ್ದರೆ ಅದನ್ನು ಮಳೆಯ ಖಾತೆಗೆ ಬರೆಯಬೇಡಿ.