ಕೈ ಊರದೆ ಎದ್ದು ನಿಲ್ಲಿ

ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆದು ಮಳೆ ಸ್ವಲ್ಪ ಹೊಳವಾಯಿತೆಂದರೆ ಮಡಿಕೇರಿಯ ನಮ್ಮ ಫಿಸಿಯೋಥೆರಪಿ ಕೋಣೆಯಲ್ಲಿ ಕೂರಲು ಜಾಗ ಇರುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ನಿವೃತ್ತರು. ಸೇನೆಯಲ್ಲಿದ್ದವರು, ಮೇಷ್ಟ್ರುಗಳು, ಬ್ಯಾಂಕಿನಲ್ಲಿದ್ದವರು, ತೋಟದ ಉಸ್ತುವಾರಿಯನ್ನು ಮಗನಿಗೆ ಒಪ್ಪಿಸಿದವರು. ದೂರು ಮಾತ್ರ ಎಲ್ಲರದ್ದೂ ಒಂದೇ: ಜೂನ್‌ನಲ್ಲಿ ಸರಿಯಾಗಿದ್ದ ಮಂಡಿ ಈಗ ಏಳುವಾಗ ಹಿಡಿಯುತ್ತದೆ, ಮೆಟ್ಟಿಲು ಇಳಿಯಲು ಧೈರ್ಯ ಬರುವುದಿಲ್ಲ. ಮದ್ದನ್ನೂ ಅವರೇ ನಿಶ್ಚಯಿಸಿಕೊಂಡು ಬಂದಿರುತ್ತಾರೆ. "ಥಂಡಿಗೆ ಹೀಗಾಗಿದೆ ಡಾಕ್ಟ್ರೇ, ಸ್ವಲ್ಪ ದಿನ ರೆಸ್ಟ್ ತಗೊಳ್ತೇನೆ."

ಥಂಡಿಗೆ ಮಂಡಿ ಬಿಗಿಯುವುದು ಹೌದು. ಆದರೆ ಇವರಲ್ಲಿ ಬಹಳ ಜನರಿಗೆ ತೊಂದರೆಯಾಗಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಗೆದುಕೊಂಡ ರೆಸ್ಟ್‌ನಿಂದಲೇ. ಮಳೆ ಹಿಡಿದೊಡನೆ ಬೆಳಗಿನ ವಾಕಿಂಗ್ ನಿಲ್ಲುತ್ತದೆ. ಅಂಗಳಕ್ಕೆ ಕಾಲಿಡುವುದಕ್ಕೂ ಆಗದಂಥ ಗಾಳಿ ಮಳೆ. ಟಿವಿ, ಪೇಪರ್, ಫೋನು, ಹೆಣಿಗೆ, ಊಟ, ನಿದ್ದೆ. ಇಷ್ಟೂ ಕೂತೇ ಆಗುವ ಕೆಲಸ. ಹಾಗೆ ನಾಲ್ಕು ತಿಂಗಳು ಕೂತ ಕಾಲನ್ನು ಮತ್ತೆ ಕೂರಿಸಿದರೆ ಅದಕ್ಕೆ ಬಲ ಬರುವುದು ಎಲ್ಲಿಂದ?

ಇದನ್ನು ಎಷ್ಟು ಸಲ ಹೇಳಿದರೂ ಬರುವ ಉತ್ತರ: "ಮಳೆ ಬಿಟ್ಟ ಮೇಲೆ ವಾಕಿಂಗ್ ಶುರು ಮಾಡ್ತೇನಲ್ಲ." ಈ ಅಂಕಣ ಬರೆಯಲು ಕೂತದ್ದೇ ಈ ಉತ್ತರಕ್ಕಾಗಿ.

ವಾಕಿಂಗ್ ಒಳ್ಳೆಯದು. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ನಿದ್ದೆಗೆ, ಮನಸ್ಸಿಗೆ ಒಳ್ಳೆಯದು. ಅದನ್ನು ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಸಮತಟ್ಟು ರಸ್ತೆಯಲ್ಲಿ ನಡೆಯುವಾಗ ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೂ ಪೃಷ್ಠದ ಸ್ನಾಯುವಿಗೂ ಬೀಳುವ ಕೆಲಸ ಕಡಿಮೆ. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಎಡವಿದಾಗ ಬೀಳದಂತೆ ದೇಹವನ್ನು ತಡೆದು ನಿಲ್ಲಿಸುವಾಗ ಬೇಕಾಗುವುದು ಅದೇ ಸ್ನಾಯುಗಳ ಜೋರು. ನಡೆಯುವ ದಮ್ಮು ಬೇರೆ, ಏಳುವ ಬಲ ಬೇರೆ. ಒಂದು ಇದ್ದಮಾತ್ರಕ್ಕೆ ಇನ್ನೊಂದು ಇರಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಲ್ಲೂ ಇವು ಬೇರೆ ಬೇರೆಯಾಗಿಯೇ ಇವೆ. ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ. ಅದರ ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. 65 ದಾಟಿದವರಿಗೆ ಕನಿಷ್ಠ 3 ದಿನ ಸಮತೋಲನದ ಅಭ್ಯಾಸವೂ ಇರಬೇಕು. ನಮ್ಮವರು ಮೊದಲನೆಯದನ್ನು ಹಿಡಿದುಕೊಂಡು ಉಳಿದೆರಡನ್ನು ಬಿಟ್ಟುಬಿಟ್ಟಿದ್ದಾರೆ.

ನಾಪೋಕ್ಲು ಕಡೆಯ ನಿವೃತ್ತ ಸುಬೇದಾರರೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಬೇಸಿಗೆಯಲ್ಲಿ ದಿನಾ ಐದಾರು ಕಿಲೋಮೀಟರ್ ನಡೆಯುವವರು, ಪ್ರಾಯದಲ್ಲಿ ಹಾಕಿ ಆಡಿದವರು, ಈಗಲೂ ಬೆನ್ನು ನೆಟ್ಟಗೆ. ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ನಿಲ್ಲಿ ಎಂದೆ. ಮುಂದೆ ಬಾಗಿದರು, ಅರ್ಧ ಎದ್ದರು, ಧೊಪ್ಪೆಂದು ಕೂತರು. ಇನ್ನೊಮ್ಮೆ ಪ್ರಯತ್ನಿಸಿದಾಗ ಕೈ ತಾನಾಗಿ ಕುರ್ಚಿಯ ಹಿಡಿಗೆ ಹೋಯಿತು. ಅವರ ಮುಖ ಸಣ್ಣದಾಯಿತು, ನೋಡಿ ನನಗೂ ಸಂಕಟವಾಯಿತು. ಕುರ್ಚಿಯ ಹಿಡಿ ಹಿಡಿದು ಏಳುವ ಅಭ್ಯಾಸ ಎಷ್ಟೋ ವರ್ಷದಿಂದ ಇತ್ತು. ಏಳುವ ಕೆಲಸವನ್ನು ತೊಡೆಯ ಬದಲು ತೋಳು ಮಾಡುತ್ತಿದೆ ಎಂದು ಅವರಿಗೆ ಗೊತ್ತಾಗಿದ್ದು ಆವತ್ತು. "ಅಂಕಲ್, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಸೇನೆ ಬಿಟ್ಟದ್ದು 1953ರಲ್ಲಿ, ತೀರಿಕೊಂಡದ್ದು 1993ರಲ್ಲಿ. ಸಮವಸ್ತ್ರ ಕಳಚಿದ ಮೇಲೆ ನಲವತ್ತು ವರ್ಷ ಬದುಕಿದವರು. ನಿಮಗೂ ಇನ್ನೂ ಬಹಳ ವರ್ಷ ಕಾಲು ಬೇಕು" ಎಂದೆ. ಮರುದಿನದಿಂದ ಅಭ್ಯಾಸ ಶುರು ಮಾಡಿದರು. ಸೇನೆಯವರಿಗೆ ಒಮ್ಮೆ ಮನಸ್ಸಿಗೆ ಬಂತೆಂದರೆ ಮತ್ತೆ ನೆನಪಿಸಬೇಕಾಗಿಲ್ಲ. ಆ ವಿಷಯದಲ್ಲಿ ನನಗೆ ಅವರ ಮೇಲೆ ತುಂಬ ಪ್ರೀತಿ.

ಸ್ನಾಯು ಎಷ್ಟು ಬೇಗ ಕರಗುತ್ತದೆಂದು ಜನರಿಗೆ ಅಂದಾಜಿಲ್ಲ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟೇ ದಿನಗಳಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಹೋಗಿತ್ತು. ಕುರ್ಚಿಯಲ್ಲಿ ಕೂರುವುದು ಹಾಸಿಗೆ ಹಿಡಿದಷ್ಟು ಕೆಟ್ಟದ್ದಲ್ಲ, ನಿಜ. ಆದರೆ ಮಳೆಗಾಲದ ಜ್ವರಕ್ಕೆ ಒಂದು ವಾರ ಮಲಗಿದವರು ಎದ್ದ ಮೇಲೂ ಕಾಲು ಸೋಲುತ್ತದೆ ಎನ್ನುವುದಕ್ಕೆ ಕಾರಣ ಇದು. ಹಿಂದಿನವರಿಗೆ ಮಳೆಗಾಲ ಕೂರುವ ಕಾಲವೇ ಆಗಿರಲಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳೆಂದರೆ ನಾಟಿ. ಮಂಡಿ ಮುಳುಗುವ ಕೆಸರಿನಿಂದ ಒಂದೊಂದು ಹೆಜ್ಜೆ ಕಿತ್ತು ಇಡುವ ಕೆಲಸ. ಅದಕ್ಕಿಂತ ಒಳ್ಳೆಯ ತೊಡೆಯ ವ್ಯಾಯಾಮ ನನಗೆ ಗೊತ್ತಿಲ್ಲ. ಇವತ್ತು ಗದ್ದೆ ಪಾಳು ಬಿದ್ದಿದೆ ಅಥವಾ ಬೇರೆಯವರು ಮಾಡುತ್ತಿದ್ದಾರೆ. ಕಕ್ಕಡದ 18ನೇ ದಿನ, ಆಗಸ್ಟ್ 3ಕ್ಕೆ, ಆವತ್ತು ಮದ್ದಿನ ಗುಣ ತುಂಬಿರುತ್ತದೆಂದು ನಂಬುವ ಮದ್ದುಸೊಪ್ಪಿನ ಪಾಯಸ ಮಾತ್ರ ತಪ್ಪಿಸುವುದಿಲ್ಲ. ಪಾಯಸ ಕುಡಿಯಿರಿ, ನಾನೂ ಕುಡಿಯುತ್ತೇನೆ. ಅದನ್ನು ಕುಡಿಯುತ್ತಿದ್ದವರು ಆ ತಿಂಗಳು ಎಷ್ಟು ದುಡಿಯುತ್ತಿದ್ದರೆಂಬುದೂ ನೆನಪಿರಲಿ.

ಇನ್ನೊಂದು ಮಾತು ಪ್ರತಿದಿನ ಕೇಳುತ್ತೇನೆ. "ಎಕ್ಸ್‌ರೇಯಲ್ಲಿ ಸವೆದಿದೆ ಅಂತ ಬಂದಿದೆ. ಸವೆದದ್ದನ್ನು ಬಳಸಿದರೆ ಇನ್ನೂ ಸವೆಯುವುದಿಲ್ಲವಾ?" ಜೀಪಿನ ಟೈರಿಗೆ ಈ ಲೆಕ್ಕ ಸರಿ, ಮಂಡಿಗೆ ಸರಿಯಲ್ಲ. ಸವೆಯುವುದು ಮಂಡಿಯ ಮೃದ್ವಸ್ಥಿ, ಅಂದರೆ ಮೂಳೆಗಳ ತುದಿಗಿರುವ ನುಣುಪಾದ ಪದರ. ಅದಕ್ಕೆ ರಕ್ತನಾಳಗಳಿಲ್ಲ. ಕಾಲಿನ ಮೇಲೆ ಭಾರ ಬಿದ್ದಾಗ ಕೀಲಿನ ದ್ರವ ಅದರಿಂದ ಹೊರಬರುತ್ತದೆ, ಭಾರ ಇಳಿದಾಗ ಒಳಹೋಗುತ್ತದೆ. ಪೋಷಣೆ ಸಿಗುವುದು ಹೀಗೆ, ಕಾಲು ಆಡಿದಾಗ. ಮಂಡಿಯ ಸುತ್ತ ಸ್ನಾಯು ಗಟ್ಟಿಯಿದ್ದರೆ ಕೀಲಿನ ಮೇಲಿನ ಏಟು ಕಡಿಮೆಯಾಗುತ್ತದೆ, ಬಹಳ ಜನರಿಗೆ ನೋವೂ ಇಳಿಯುತ್ತದೆ. ಎಲ್ಲರಿಗೂ ಪೂರ್ತಿ ಇಳಿಯುತ್ತದೆಂದು ನಾನು ಹೇಳಲಾರೆ. ತೀರಾ ಹಾಳಾದ ಮಂಡಿಗೆ ಆಪರೇಷನ್ ಬೇಕಾಗಬಹುದು, ಅದನ್ನು ಮೂಳೆ ಡಾಕ್ಟರು ನೋಡಿ ಹೇಳಬೇಕು. ಆಪರೇಷನ್ ಆಗುವುದಾದರೂ ಮೊದಲೇ ತೊಡೆ ಗಟ್ಟಿ ಮಾಡಿಕೊಂಡವರಿಗೆ ಚೇತರಿಕೆ ಸುಲಭ.

ಹಾಗಾದರೆ ಮಾಡಬೇಕಾದದ್ದೇನು? ಹಿಡಿಯಿದ್ದರೂ ಇಲ್ಲದಿದ್ದರೂ ಗಟ್ಟಿಯಾದ ಮರದ ಕುರ್ಚಿ, ಹಿಂಬದಿ ಗೋಡೆಗೆ ಒತ್ತಿರಲಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಜಗುಲಿಯ ಈಸಿಚೇರೂ ಬೇಡ, ಅದರಲ್ಲಿ ಸೊಂಟ ಮಂಡಿಗಿಂತ ಕೆಳಗೆ ಇಳಿಯುತ್ತದೆ. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು ಕೂರಿ. ಪಾದಗಳು ಸೊಂಟದಷ್ಟು ಅಗಲಕ್ಕೆ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಎಷ್ಟೋ ಜನ ಪಾದವನ್ನು ಮುಂದೆ ಚಾಚಿಕೊಂಡು ಏಳಲು ಹೆಣಗುತ್ತಾರೆ. ಪಾದ ಹಿಂದೆ ತಂದರೆ ಅರ್ಧ ಕಷ್ಟ ಅಲ್ಲೇ ಮುಗಿಯುತ್ತದೆ. ಕೈಗಳನ್ನು ಎದೆಗೆ ಕಟ್ಟಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವವರೆಗೆ ಮುಂದೆ ಬಾಗಿ, ಪಾದ ನೆಲಕ್ಕೆ ಒತ್ತಿ ಏಳಿ. ಪೂರ್ತಿ ನೆಟ್ಟಗೆ ನಿಲ್ಲಿ. ಇನ್ನು ಕೂರುವುದು. ಹೆಚ್ಚು ಲಾಭವಿರುವುದು ಇಲ್ಲಿ, ಎಲ್ಲರೂ ಅವಸರ ಮಾಡುವುದೂ ಇಲ್ಲಿ. ಮನಸ್ಸಿನಲ್ಲಿ ಮೂರು ಎಣಿಸುತ್ತ ನಿಧಾನವಾಗಿ ಇಳಿಯಿರಿ, ಕೊನೆಗೆ ಧೊಪ್ಪೆಂದು ಬೀಳಬೇಡಿ. ಉಸಿರು ಕಟ್ಟಬೇಡಿ. ಎಂಟು ಹತ್ತು ಸಲ ಮಾಡಿ, ವಿಶ್ರಮಿಸಿ, ಇನ್ನೊಂದು ಸುತ್ತು. ಒಂದು ಸಲವೂ ಏಳಲಾಗದವರು ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರಿಸಿಕೊಳ್ಳಲಿ, ಅಥವಾ ಒಂದು ಕೈ ಊರಲಿ. ವಾರ ಕಳೆದಂತೆ ದಿಂಬು ತೆಗೆಯಬಹುದು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಅಲ್ಲೇ ಒಂಟಿ ಕಾಲಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು, ಇವೆರಡನ್ನು ಸೇರಿಸಿದರೆ ಮಳೆಗಾಲಕ್ಕೆ ಬೇಕಾದದ್ದು ಬಹುಮಟ್ಟಿಗೆ ಆಯಿತು.

ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಕೈ ಊರದೆ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸುವ ಪರೀಕ್ಷೆಯೊಂದಿದೆ. 65ರಿಂದ 69 ವರ್ಷದ ಗಂಡಸರಿಗೆ 12ಕ್ಕಿಂತ ಕಡಿಮೆ, ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಎಂದು ಲೆಕ್ಕ. 80ರಿಂದ 84 ವರ್ಷದವರಿಗೆ ಅದು 10 ಮತ್ತು 9. ಮನೆಯವರು ಪಕ್ಕದಲ್ಲಿ ನಿಂತಿರಲಿ. ಕಡಿಮೆ ಬಂದರೆ ಹೆದರಬೇಡಿ, ಎಪ್ಪತ್ತೈದರಲ್ಲೂ ಎಂಬತ್ತರಲ್ಲೂ ಸ್ನಾಯು ಬಲಗೊಳ್ಳುತ್ತದೆ. ತೊಡೆ ಒಂದೆರಡು ದಿನ ನೋಯುವುದು ಸಹಜ. ಮಂಡಿ ಊದಿಕೊಂಡು ಬಿಸಿಯಾದರೆ, ಎದೆ ಹಿಡಿದರೆ, ತಲೆ ಸುತ್ತಿದರೆ ನಿಲ್ಲಿಸಿ ಡಾಕ್ಟರರನ್ನು ಕಾಣಬೇಕು. ಇತ್ತೀಚೆಗೆ ಆಪರೇಷನ್ ಆದವರು, ಹೃದಯದ ತೊಂದರೆಯಿರುವವರು ಕೇಳಿಯೇ ಶುರು ಮಾಡಲಿ.

ಹೆಣಿಗೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿವೃತ್ತ ಟೀಚರ್‌ಗಳು ನನ್ನ ಮೇಲೆ ಮುನಿಸಿಕೊಳ್ಳುವುದು ಅದಕ್ಕೇ. ಹೆಣೆಯುವುದನ್ನು ನಿಲ್ಲಿಸಿ ಎಂದು ನಾನು ಹೇಳುವುದೇ ಇಲ್ಲ. ಬೆರಳು ಚುರುಕಾಗಿರುತ್ತದೆ, ಎಣಿಕೆ ತಪ್ಪದಂತೆ ಮನಸ್ಸು ನಿಲ್ಲುತ್ತದೆ, ಬೆಂಗಳೂರಿನ ಮೊಮ್ಮಗುವಿಗೆ ಸ್ವೆಟರ್ ಆಗುತ್ತದೆ. ನಾನು ಹೇಳುವುದು ಇಷ್ಟೇ: ಉಲ್ಲನ್ ಉಂಡೆ, ಕನ್ನಡಕ, ಫೋನು, ನೀರು ಎಲ್ಲವನ್ನೂ ಕೈಗೆಟಕುವಂತೆ ಸುತ್ತ ಇಟ್ಟುಕೊಂಡು ಮೂರು ಗಂಟೆ ಅಲುಗದೆ ಕೂರಬೇಡಿ. ಉಂಡೆಗಳ ಬುಟ್ಟಿ ಕೋಣೆಯ ಆಚೆ ಬದಿಗಿರಲಿ. ಹತ್ತು ಸಾಲಾದ ಕೂಡಲೇ ಕಡ್ಡಿ ಬದಿಗಿಟ್ಟು ಕೈ ಊರದೆ ಐದು ಸಲ ಎದ್ದು ಕೂರಿ. ಹೆಣೆಯುವ ಬಟ್ಟೆಯನ್ನು ಮಡಿಲಲ್ಲಿಟ್ಟು ಕತ್ತು ಬಗ್ಗಿಸುವ ಬದಲು ತೊಡೆಯ ಮೇಲೊಂದು ದಿಂಬು ಇಟ್ಟು ಎತ್ತರಿಸಿಕೊಳ್ಳಿ.

ಹೆಣೆದ ಕಾಲುಚೀಲದ ಬಗ್ಗೆ ನಾನು ಇನ್ನೂ ಗಟ್ಟಿಯಾಗಿ ಹೇಳಬೇಕು. ನಮ್ಮ ಹಳೆಯ ಮನೆಗಳದ್ದು ರೆಡ್ ಆಕ್ಸೈಡ್ ನೆಲ. ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯಾಗಿರುತ್ತದೆ. ಜುಲೈಯಲ್ಲಿ ಅದೇ ನೆಲ ಬೆವರುತ್ತದೆ, ಬೆರಳಿನಲ್ಲಿ ಗೀಚಿದರೆ ಗೆರೆ ಮೂಡುವಷ್ಟು ತೇವ. ಅದರ ಮೇಲೆ ಉಲ್ಲನ್ ಕಾಲುಚೀಲ ಹಾಕಿಕೊಂಡು ರಾತ್ರಿ ಬಚ್ಚಲಿಗೆ ಹೊರಡುತ್ತಾರೆ. ಕರೆಂಟ್ ಬೇರೆ ಇರುವುದಿಲ್ಲ. ಸೊಂಟದ ಮೂಳೆ ಮುರಿದು ಬಂದವರಲ್ಲಿ ಹೀಗೆ ಬಿದ್ದವರನ್ನು ನೋಡಿದ್ದೇನೆ. ಕಾಲುಚೀಲ ಹಾಸಿಗೆಯಲ್ಲಿ ಹಾಕಿಕೊಳ್ಳಿ. ನೆಲಕ್ಕೆ ಕಾಲಿಡುವ ಮುಂಚೆ ರಬ್ಬರ್ ತಳವಿರುವ, ಹಿಮ್ಮಡಿ ಮುಚ್ಚುವ ಚಪ್ಪಲಿ ಹಾಕಿ. ಎದ್ದ ತಕ್ಷಣ ನಡೆಯದೆ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕೂರಿ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ನುಂಗುವ ಕೆಲವರಿಗೆ ಎದ್ದು ನಿಂತಾಗ ಬಿಪಿ ಇಳಿಯುತ್ತದೆ. ಮೇಲಿನ ಅಂಕಿ 20ರಷ್ಟು ಇಳಿದರೆ ಅದು ಡಾಕ್ಟರಿಗೆ ಹೇಳಬೇಕಾದ ವಿಷಯ. ಸಂಜೆ ಒಂದು ಪೆಗ್ ಹಾಕಿ ಅದರ ಮೇಲೆ ನಿದ್ದೆ ಮಾತ್ರೆ ನುಂಗುವುದಂತೂ ಕೂಡದು.

ಮನೆ ಖಾಲಿ ಮಾಡುವ ಹುರುಪೂ ಮಳೆಗಾಲದಲ್ಲೇ ಬರುತ್ತದೆ. ಬೇರೆ ಕೆಲಸವಿಲ್ಲ, ಅಟ್ಟ ನೋಡೋಣ ಎಂದು ಏಣಿ ಇಡುತ್ತಾರೆ. ಅಲ್ಲಿ ಕಪ್ಪು ಬಣ್ಣದ ಮಿಲಿಟರಿ ಟ್ರಂಕು, ಮಕ್ಕಳ ಕಾಲೇಜು ಪುಸ್ತಕ, ಮುರಿದ ಕುರ್ಚಿ, ಯಾರದೋ ಮದುವೆಯಲ್ಲಿ ಬಂದ ಪಾತ್ರೆ ಸೆಟ್ಟು. ಎಪ್ಪತ್ತು ದಾಟಿದವರು ಒಬ್ಬರೇ ಏಣಿ ಹತ್ತಿ ಟ್ರಂಕು ಇಳಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅಟ್ಟದ ಕೆಲಸವನ್ನು ಮಗನೋ ಅಳಿಯನೋ ಬಂದಾಗ ಮಾಡಿಸಿ. ನೀವು ನೆಲದಿಂದ ಶುರು ಮಾಡಿ, ಮೊದಲು ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿ. ಅಲ್ಲಿ ಪೇಪರ್ ಕಟ್ಟು, ಒದ್ದೆ ಕೊಡೆ, ಫೋನ್ ಚಾರ್ಜರಿನ ವೈರು, ಹೊಸ್ತಿಲಲ್ಲಿ ಮಡಿಚಿ ಬಿದ್ದ ಗೋಣಿಚೀಲ ಯಾವುದೂ ಇರಬಾರದು. ದಿನಾ ಬಳಸುವ ಪಾತ್ರೆ ಡಬ್ಬಗಳೆಲ್ಲ ಮಂಡಿ ಮತ್ತು ಭುಜದ ನಡುವಿನ ಎತ್ತರಕ್ಕೆ ಬರಲಿ. ಸ್ಟೂಲ್ ಹತ್ತುವ ಪ್ರಮೇಯವೇ ಬೇಡ. ದಿನಕ್ಕೊಂದು ಕಪಾಟು ಸಾಕು. ಒಂದೊಂದೇ ವಸ್ತುವನ್ನು ಎದ್ದು ಹೋಗಿ ಅದರ ಜಾಗಕ್ಕೆ ಇಟ್ಟು ಬಂದರೆ ಅದೂ ವ್ಯಾಯಾಮವೇ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದನ್ನು ಮಳೆ ಜೋರಾಗುವ ಮೊದಲೇ ಕೆಲಸದವರಿಂದ ಮಾಡಿಸಿ.

ಊಟದ ಬಗ್ಗೆ ಎರಡೇ ಮಾತು. ಅಕ್ಕಿರೊಟ್ಟಿ, ಕಡಂಬುಟ್ಟು, ನೂಪುಟ್ಟು, ರಾತ್ರಿಗೆ ಗಂಜಿ, ಎಲ್ಲವೂ ಅಕ್ಕಿ. ಭಾನುವಾರದ ಪಂದಿಕರಿ ವಾರಕ್ಕೊಮ್ಮೆ. ಕಣಿಲೆ, ಅಣಬೆ ರುಚಿಗೆ ಸರಿ, ಅವುಗಳಲ್ಲಿ ಪ್ರೋಟೀನ್ ಹೆಚ್ಚಿಲ್ಲ. ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರ ಸಲಹೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಬೆಳಿಗ್ಗೆಯ ರೊಟ್ಟಿಯ ಜೊತೆ ಮೊಟ್ಟೆ ಅಥವಾ ಕಡಲೆ ಸಾರು, ರಾತ್ರಿ ಹೆಸರುಕಾಳು, ಮೊಸರು ಅಥವಾ ಮೀನು ಸೇರಿಸಿ. ಕಿಡ್ನಿ ತೊಂದರೆಯಿರುವವರು ಮಾತ್ರ ಡಾಕ್ಟರರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಮಕ್ಕಳಿಗೂ ಒಂದು ಮಾತು ಹೇಳಬೇಕಾಗಿದೆ. ರಜೆಗೆ ಬಂದ ಮಗಳು "ಅಮ್ಮ ನೀವು ಕೂತ್ಕೊಳ್ಳಿ, ನಾನು ಮಾಡ್ತೇನೆ" ಎಂದು ಅಮ್ಮನ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳುತ್ತಾಳೆ. ಅವಳ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಬಟ್ಟೆ ಮಡಚುವುದು, ಕರಿಬೇವು ಕೊಯ್ದು ತರುವುದು, ಕಾಫಿ ಮಾಡಲು ಎದ್ದು ಹೋಗುವುದು ಅಮ್ಮನ ಪಾಲಿಗೇ ಇರಲಿ. ಭಾರ ಎತ್ತುವುದು, ಏಣಿ ಹತ್ತುವುದು, ಪಾಚಿ ಉಜ್ಜುವುದು ನಿಮ್ಮ ಪಾಲಿಗೆ ಬರಲಿ. ಊರಿಗೆ ಬಂದಾಗ ಬಚ್ಚಲಲ್ಲಿ ಗೋಡೆಗೆ ಒಂದು ಗಟ್ಟಿ ಹಿಡಿ ಹಾಕಿಸಿ ಹೋಗಿ.

ನಮ್ಮಲ್ಲಿಗೆ ಬರುವಾಗ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ. ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ಬಿದ್ದಿದ್ದರೆ ಕೇಳುವ ಮೊದಲೇ ಹೇಳಿ. ಎಷ್ಟೋ ಹಿರಿಯರು ಇದನ್ನು ಮುಚ್ಚಿಡುತ್ತಾರೆ. ಮಕ್ಕಳಿಗೆ ಗೊತ್ತಾದರೆ ಮನೆಗೆ ಬೀಗ ಹಾಕಿಸಿ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಾರೆಂಬ ಹೆದರಿಕೆ ಅವರದು. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು, ಆದ್ದರಿಂದ ಮೊದಲ ಸಲವೇ ನಮಗೆ ತಿಳಿಯಬೇಕು. ಮಕ್ಕಳೆದುರು ಹೇಳಲು ಕಷ್ಟವಾದರೆ ನನ್ನೊಬ್ಬಳ ಹತ್ತಿರ ಮಾತಾಡಬೇಕು ಎನ್ನಿ, ಅವರನ್ನು ಹೊರಗೆ ಕೂರಿಸುತ್ತೇನೆ.