ಮುಂಬಯಿ ಬಂದರಿನಲ್ಲಿ ಸಂಜೆಯ ಒಂಟಿ ಹಾಯಿಪಯಣ: ಇಳಿತದ ಲೆಕ್ಕ

ಗೇಟ್‌ವೇ ಆಫ್ ಇಂಡಿಯಾದ ಮುಂದಿನ ನೀರಿನಲ್ಲಿ ಹಾಯಿದೋಣಿ ನಡೆಸಲು ಕಲಿತು, ಜೊತೆಗಾರರಿಲ್ಲದೆ ಸಂಜೆ ಹೊರಡಲು ಸಿದ್ಧರಾಗುತ್ತಿರುವವರಿಗಾಗಿ ಈ ಟಿಪ್ಪಣಿ. ಹಾಯಿ ಏರಿಸುವುದು, ಚುಕ್ಕಾಣಿ ಹಿಡಿಯುವುದು, ಟ್ಯಾಕಿಂಗ್ ಮಾಡುವುದು (ಮೂತಿಯನ್ನು ಗಾಳಿಗೆ ಅಡ್ಡ ಹಾಯಿಸಿ ದೋಣಿ ತಿರುಗಿಸುವುದು) ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದೇನೆ. ಸಂಜೆ ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಗಾಳಿಗಿಂತ ಮೊದಲು ನೀರಿನ ಹರಿವು ನಿರ್ಧರಿಸಬೇಕು. ಈ ಒಂದು ವಿಷಯ ಗಟ್ಟಿಯಾಗಿ ಮನಸ್ಸಿನಲ್ಲಿ ನಿಲ್ಲಲಿ ಎಂದೇ ಬರೆಯುತ್ತಿದ್ದೇನೆ.

ಗಾಳಿ

ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಕಡಲಗಾಳಿ ಏಳುತ್ತದೆ, ಬಿಸಿಲು ಇಳಿದಂತೆ ಸೋಲುತ್ತದೆ. ಗೇಟ್‌ವೇ ಇರುವ ಕೊಲಾಬಾ ಬಡಾವಣೆಯ ಕಟ್ಟಡಗಳು ಗಾಳಿಗೆ ಅಡ್ಡವಾಗಿರುವುದರಿಂದ ದಡದ ಹತ್ತಿರ ಅದು ಇನ್ನೂ ಬೇಗ ಬೀಳುತ್ತದೆ. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆಮೇಲೆ ಕತ್ತಲಾಗಲು ಹೆಚ್ಚು ಹೊತ್ತು ಬೇಕಿಲ್ಲ.

ತಿಥಿಯ ಮುಕ್ಕಾಲು

ಬಂದರಿನ ಬಾಯಿ ದಕ್ಷಿಣದ ಕಡೆಗಿದೆ. ಆದ್ದರಿಂದ ಉಬ್ಬರದ ನೀರು ಸ್ಥೂಲವಾಗಿ ಉತ್ತರಕ್ಕೂ ಇಳಿತದ ನೀರು ದಕ್ಷಿಣಕ್ಕೂ ಹರಿಯುತ್ತದೆ. ಯಾವ ಹೊತ್ತಿಗೆ ಯಾವುದು ಎಂದು ತಿಳಿಯಲು ಕೊಂಕಣ ತೀರದಲ್ಲಿ ಬಳಕೆಯಲ್ಲಿರುವ ಒಂದು ಲೆಕ್ಕ ನನಗೆ ಅತ್ಯಂತ ಪ್ರಿಯವಾದದ್ದು. ಆ ದಿನದ ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ತುಂಬು ಉಬ್ಬರದ ಗಂಟೆ ಸಿಗುತ್ತದೆ. ಚೌತಿಯಾದರೆ ನಾಲ್ಕರ ಮುಕ್ಕಾಲು, ಅಂದರೆ ಮೂರು ಗಂಟೆ. ಅಷ್ಟಮಿಯಾದರೆ ಆರು ಗಂಟೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯಾದರೆ ಹದಿನೈದರ ಮುಕ್ಕಾಲು, ಅಂದರೆ ಹನ್ನೊಂದೂಕಾಲು. ಉಬ್ಬರವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ತಿಥಿಗೆ ಮುಕ್ಕಾಲು ಗಂಟೆ ಕೂಡಿಸುವ ಈ ಲೆಕ್ಕ ಸರಿಹೊಂದುತ್ತದೆ. ಶುಕ್ಲಪಕ್ಷವಿರಲಿ, ಕೃಷ್ಣಪಕ್ಷವಿರಲಿ, ಲೆಕ್ಕ ಒಂದೇ. ದಿನಕ್ಕೆ ಎರಡು ಉಬ್ಬರಗಳಿರುವುದರಿಂದ ಎರಡನೆಯದು ಸುಮಾರು ಹನ್ನೆರಡೂವರೆ ಗಂಟೆಯ ಅನಂತರ ಬರುತ್ತದೆ. ಇದು ಅಂದಾಜು ಮಾತ್ರ. ಹುಣ್ಣಿಮೆಯ ದಿನ ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ವ್ಯತ್ಯಾಸ ಬರಬಹುದು, ಹೊರಡುವ ಮುನ್ನ ಮುದ್ರಿತ ಉಬ್ಬರವಿಳಿತದ ಪಟ್ಟಿಯನ್ನು ನೋಡಲೇಬೇಕು. ಆದರೂ ಪಂಚಾಂಗ ನೋಡಿದ ಕ್ಷಣಕ್ಕೇ ಸಂಜೆಯ ಸ್ವರೂಪ ಕಣ್ಣಮುಂದೆ ಬರುವುದು ಪಟ್ಟಿಯ ಅಂಕಿಗಳಿಂದಲ್ಲ, ಈ ಲೆಕ್ಕದಿಂದ.

ಸಂಜೆಗೆ ಇದನ್ನು ಅನ್ವಯಿಸಿ ನೋಡೋಣ. ಏಕಾದಶಿಯ ಸಂಜೆ ಎಂಟೂಕಾಲರ ತನಕ ಉಬ್ಬರವೇ ಇರುತ್ತದೆ, ಆದ್ದರಿಂದ ಮೊದಲು ದಕ್ಷಿಣಕ್ಕೆ ಹೋದರೆ ಮರಳುವಾಗ ನೀರೇ ಮನೆಯ ಕಡೆಗೆ ತಳ್ಳುತ್ತದೆ. ಹುಣ್ಣಿಮೆಯಂದು ಸೂರ್ಯಾಸ್ತದ ಆಸುಪಾಸಿನಲ್ಲಿ ಇಳಿತ ಮುಗಿದು ನೀರು ನಿಲ್ಲುತ್ತದೆ. ಅತ್ಯಂತ ಕಷ್ಟದ ಸಂಜೆಗಳೆಂದರೆ ತದಿಗೆ ಮತ್ತು ಚೌತಿ. ಆಗ ಮಧ್ಯಾಹ್ನ ಎರಡು–ಮೂರು ಗಂಟೆಗೆ ತುಂಬಿದ ನೀರು ಐದರಿಂದ ಆರು ಗಂಟೆಯ ಹೊತ್ತಿಗೆ ಅತಿ ಬಿರುಸಾಗಿ ಇಳಿಯುತ್ತಿರುತ್ತದೆ, ಗಾಳಿ ಸೋಲುವುದೂ ಅದೇ ಹೊತ್ತಿನಲ್ಲಿ. ಅಲ್ಲದೆ ಅತಿ ದೊಡ್ಡ ಉಬ್ಬರವಿಳಿತ ಬೀಳುವುದು ಹುಣ್ಣಿಮೆ, ಅಮಾವಾಸ್ಯೆಗಳಂದೇ ಅಲ್ಲ, ಅವು ಕಳೆದ ಒಂದೆರಡು ದಿನಗಳಿಗೆ. ತದಿಗೆ ಅದರ ಪಕ್ಕದಲ್ಲೇ ಇದೆ. ಆ ದಿನಗಳಲ್ಲಿ ನೀರಿನ ಏರಿಳಿತ ಮೂರೂವರೆ ಮೀಟರಿಗೂ ಹೆಚ್ಚು, ಅಷ್ಟಮಿ–ನವಮಿಯ ಸುಮಾರಿಗೆ ಒಂದೂವರೆ ಮೀಟರಿನಷ್ಟು.

ಹನ್ನೆರಡರ ಪಾಲು ಇಲ್ಲಿ ನೆನಪಿರಬೇಕು. ಆರು ಗಂಟೆಗಳ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗಂಟೆಗೆ 1, 2, 3, 3, 2, 1 ಪಾಲು ಇಳಿಯುತ್ತದೆ. ಒಟ್ಟು 3.6 ಮೀಟರ್ ಇಳಿತವಿದ್ದರೆ ಮೊದಲ ಗಂಟೆಯಲ್ಲಿ 30 ಸೆಂಟಿಮೀಟರ್, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 90 ಸೆಂಟಿಮೀಟರ್. ಹರಿವಿನ ಬಿರುಸೂ ಇದನ್ನೇ ಹಿಂಬಾಲಿಸುತ್ತದೆ.

ಹೋದಷ್ಟೇ ಹೊತ್ತಿಗೆ ಬರಲಾಗದು

ಎಲ್ಲರನ್ನೂ ತೊಡಕಿಗೆ ಸಿಕ್ಕಿಸುವ ಹೆಜ್ಜೆ ಇದು. ಹೋಗುವಾಗ ಹರಿವು ನೆರವಾಗುತ್ತದೆ, ಬರುವಾಗ ಅಡ್ಡಿಯಾಗುತ್ತದೆ, ಆದ್ದರಿಂದ ಎರಡೂ ಸರಿಹೋಗಿ ಒಟ್ಟು ಹೊತ್ತು ನಿಂತ ನೀರಿನಲ್ಲಿ ಆಗುವಷ್ಟೇ ಎಂದು ಮನಸ್ಸು ಹೇಳುತ್ತದೆ. ಅಂಕಿಗಳು ಬೇರೆಯೇ ಹೇಳುತ್ತವೆ. ದೋಣಿ ನೀರಿನ ಮೇಲೆ 3 ನಾಟ್ (ಗಂಟೆಗೆ 3 ನಾಟಿಕಲ್ ಮೈಲಿ) ವೇಗದಲ್ಲಿ ಸಾಗುತ್ತಿದೆ, ಇಳಿತ 2 ನಾಟ್ ಇದೆ, ದಕ್ಷಿಣಕ್ಕೆ 2 ನಾಟಿಕಲ್ ಮೈಲಿ ಹೋಗಿ ಬರಬೇಕು ಎಂದಿಟ್ಟುಕೊಳ್ಳೋಣ. ನಿಂತ ನೀರಿನಲ್ಲಿ ಹೋಗಿಬರಲು 80 ನಿಮಿಷ ಸಾಕು. ಇಳಿತದಲ್ಲಾದರೆ ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 5 ನಾಟ್, 24 ನಿಮಿಷದಲ್ಲಿ ತಲಪುತ್ತೇವೆ. ಬರುವಾಗ ವೇಗ ಕೇವಲ 1 ನಾಟ್, 120 ನಿಮಿಷ ಹಿಡಿಯುತ್ತದೆ. ಒಟ್ಟು 144 ನಿಮಿಷ. ನೆರವಿನ ಹರಿವಿನಲ್ಲಿ ನಾವು ಕಳೆಯುವುದು ಸ್ವಲ್ಪ ಹೊತ್ತು, ಎದುರು ಹರಿವಿನಲ್ಲಿ ಕಳೆಯುವುದು ಬಹಳ ಹೊತ್ತು. ಆದ್ದರಿಂದಲೇ ಲಾಭನಷ್ಟ ಸರಿಹೋಗುವುದಿಲ್ಲ.

ಇದಕ್ಕೆ ಸಂಜೆಯ ಗಾಳಿಯನ್ನು ಸೇರಿಸಿ. ಆ ಎರಡು ಗಂಟೆಗಳಲ್ಲಿ ಗಾಳಿ ಬಿದ್ದು ದೋಣಿಯ ವೇಗ 2 ನಾಟ್‌ಗೆ ಇಳಿದರೆ ಮುಂದೆ ಹೋಗುವುದೇ ಇಲ್ಲ. ಹಾಯಿ ತುಂಬಿರುತ್ತದೆ, ಚುಕ್ಕಾಣಿಯ ಹಿಂದೆ ನೀರು ಸೀಳುತ್ತಿರುತ್ತದೆ, ಆದರೆ ದಡದ ಒಂದು ಕಟ್ಟಡದ ಮೂಲೆಯನ್ನೂ ಅದರ ಹಿಂದಿನ ಗೋಪುರವನ್ನೂ ಒಂದೇ ಗೆರೆಯಲ್ಲಿಟ್ಟು ನೋಡಿದರೆ ಆ ಗೆರೆ ಕದಲಿರುವುದಿಲ್ಲ. ವಾಯವ್ಯದ ಗಾಳಿಯಲ್ಲಿ ಉತ್ತರಕ್ಕೆ ಬರುವುದೆಂದರೆ ಹಾಯಿಯನ್ನು ಬಿಗಿದೆಳೆದು ಗಾಳಿಗೆ ಆದಷ್ಟು ಹತ್ತಿರ ಸಾಗುವುದು, ಸೋತ ಗಾಳಿಯಲ್ಲಿ ಅದು ಇನ್ನಷ್ಟು ಕಷ್ಟ. ಹೀಗಾಗಿ ಮೊದಲು ಹರಿವಿಗೆ ಎದುರಾಗಿ ಹೋಗಬೇಕು, ಹರಿವಿನೊಡನೆ ಮರಳಬೇಕು. ಇಳಿತದ ಸಂಜೆ ಇದನ್ನು ಪಾಲಿಸುವುದು ಸುಲಭವಲ್ಲ, ಏಕೆಂದರೆ ಗೇಟ್‌ವೇಯಿಂದ ಉತ್ತರಕ್ಕೆ ನೌಕಾಪಡೆಯ ಡಾಕ್‌ಯಾರ್ಡ್ ಇದೆ, ಆಚೆಗೆ ಜವಾಹರ್ ದ್ವೀಪದ ತೈಲ ಟರ್ಮಿನಲ್ ಇದೆ. ಅವುಗಳ ಹತ್ತಿರ ಸುಳಿಯಬಾರದು. ಚೌತಿಯ ಸಂಜೆ ಒಬ್ಬರೇ ಹೋಗದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ದೀಪ, ಲಾಂಚುಗಳು

7 ಮೀಟರಿಗಿಂತ ಚಿಕ್ಕ ಹಾಯಿದೋಣಿಗೆ ಕೆಂಪು–ಹಸಿರು ದೀಪಗಳನ್ನು ಹಾಕಲಾಗದಿದ್ದರೆ ಬಿಳಿ ಬೆಳಕಿನ ಟಾರ್ಚನ್ನು ಕೈಗೆಟುಕುವಲ್ಲಿ ಇಟ್ಟುಕೊಂಡು, ಡಿಕ್ಕಿ ತಪ್ಪಿಸಲು ಸಾಕಾಗುವಷ್ಟು ಮೊದಲೇ ತೋರಿಸಬೇಕೆಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಎಲಿಫೆಂಟಾ ದ್ವೀಪಕ್ಕೂ ಆಚೆ ದಡದ ಮಾಂಡವಾಕ್ಕೂ ಜನರನ್ನು ಒಯ್ಯುವ ಲಾಂಚುಗಳು (ಮೋಟಾರು ದೋಣಿಗಳು) ಬರುವಾಗ, ನಮ್ಮ ದೋಣಿಯಿಂದ ಒಂದು ಲಾಂಚು ಕಾಣುವ ದಿಕ್ಕು ಬದಲಾಗದೆ ಗಾತ್ರ ಮಾತ್ರ ದೊಡ್ಡದಾಗುತ್ತಿದ್ದರೆ ಡಿಕ್ಕಿಯ ಅಪಾಯವಿದೆ ಎಂದರ್ಥ. ಬಂದರಿನ ಆಳ ನೀರಿನ ಹಾದಿಯಲ್ಲಷ್ಟೇ ಸಾಗಬಲ್ಲ ದೊಡ್ಡ ಹಡಗಿಗೆ ಹಾಯಿದೋಣಿ ಅಡ್ಡಬರುವಂತಿಲ್ಲ. ಜೀವರಕ್ಷಕ ಅಂಗಿಯನ್ನು ದಡದಲ್ಲೇ ತೊಟ್ಟುಕೊಳ್ಳಬೇಕು, ಮರಳುವ ಗಂಟೆಯನ್ನು ದಡದಲ್ಲಿ ಒಬ್ಬರಿಗೆ ಹೇಳಿರಬೇಕು.

ಬೋಯಾಕ್ಕೆ ಕಟ್ಟುವುದು

ಒಬ್ಬರೇ ಇರುವಾಗ ಬೋಯಾ (ದೋಣಿ ಕಟ್ಟಲು ನೀರಿನಲ್ಲಿ ಲಂಗರಿಟ್ಟ ತೇಲುಗುಂಡು) ಹಿಡಿಯಲು ಎರಡನೆಯ ಕೈ ಇಲ್ಲದ ಕಾರಣ ದೋಣಿ ಅದರ ಬಳಿ ತಾನಾಗಿ ನಿಲ್ಲುವಂತಿರಬೇಕು. ಸುತ್ತ ಕಟ್ಟಿರುವ ದೋಣಿಗಳ ಮೂತಿ ಎತ್ತ ಇದೆ ಎಂದು ನೋಡಿ. ಅವು ಗಾಳಿಯ ಕಡೆ ತಿರುಗಿದ್ದರೆ ಗಾಳಿಗೆದುರಾಗಿ ಬನ್ನಿ. ಹರಿವಿನ ಕಡೆ ತಿರುಗಿದ್ದರೆ, ಬೋಯಾ ಒಂದು ಬದಿಗೆ ವಾಲಿ ಅದರ ಹಿಂದೆ ನೊರೆಯ ಗೆರೆ ಎಳೆದಿದ್ದರೆ, ಹರಿವಿಗೆದುರಾಗಿ ಬನ್ನಿ. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ದೊಡ್ಡ ಹಾಯಿಯನ್ನು ಮೊದಲೇ ಇಳಿಸಿ, ಮುಂಬದಿಯ ಚಿಕ್ಕ ಹಾಯಿಯೊಂದರಲ್ಲೇ ನಿಧಾನವಾಗಿ ಸಮೀಪಿಸಿ, ಬೋಯಾ ಕೈಗೆ ಸಿಗುವ ಮುನ್ನ ಅದನ್ನೂ ಸಡಿಲ ಬಿಡಬೇಕು.